ರೇನರ್ಸ್ ಲೇನಿನಲ್ಲಿ ಕಾಡುಕೋಣದ ಎಡೆ

ಪಕ್ಕದ ಮನೆಯ ಹಿತ್ತಲಿನಲ್ಲಿ ಹೊಗೆ ಎದ್ದಿತ್ತು. ಆಳೆತ್ತರದ ಕಪ್ಪು ಕಬ್ಬಿಣದ ಪೀಪಾಯಿಯೊಂದು ಹುಲ್ಲಿನ ಮೇಲೆ ನಿಂತಿತ್ತು. ಅದರ ನೆತ್ತಿಯ ಕೊಳವೆಯಿಂದ ಹೊರಟ ಹೊಗೆ ನೇರ ನಮ್ಮ ಅಡುಗೆಮನೆಗೆ ನುಗ್ಗುತ್ತಿತ್ತು. ಸುತ್ತ ನರಪಿಳ್ಳೆಯೂ ಇಲ್ಲ. ನಮ್ಮ ಬೈಲಹೊಂಗಲದ ಕಡೆ ಹೊಗೆ ಕಂಡರೆ ಯಾರೂ ಯೋಚಿಸುತ್ತ ನಿಲ್ಲುವುದಿಲ್ಲ. ಕೈಗೆ ಸಿಕ್ಕ ಕೊಡ ಹಿಡಿದು ಓಡುತ್ತಾರೆ, ಕೇಳುವುದು ಹೇಳುವುದೆಲ್ಲ ಆಮೇಲೆ. ನಾನೂ ಅದನ್ನೇ ಮಾಡಿದೆ. ಮೆಂತ್ಯದ ಕುಂಡಗಳಿಗೆಂದು ತುಂಬಿಟ್ಟಿದ್ದ ಬಕೆಟ್ಟನ್ನು ಎತ್ತಿ, ಗಿಡ್ಡ ಬೇಲಿಯ ಮೇಲಿಂದ, ಪೀಪಾಯಿಯ ಬುಡದಲ್ಲಿ ಕೆಂಪಗೆ ಕಾಣುತ್ತಿದ್ದ ಕಿಂಡಿಗೆ ಗುರಿಯಿಟ್ಟು ಸುರಿದುಬಿಟ್ಟೆ. ಚುಂಯ್ ಎಂದು ಬೂದಿ ಹಾರಿ ಬೆಂಕಿ ಆರಿತು. ಒಂದು ಮನೆ ಉಳಿಸಿದೆನೆಂಬ ಹೆಮ್ಮೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಆಗ ಆ ಮನೆಯ ಹಿಂಬಾಗಿಲು ತೆರೆಯಿತು. ಎಪ್ಪತ್ತರ ಆಸುಪಾಸಿನ ಬಿಳಿಯ ಹೆಂಗಸೊಬ್ಬರು ಏಪ್ರನ್ ಕಟ್ಟಿಕೊಂಡು ಹೊರಗೆ ಬಂದರು. ಒಮ್ಮೆ ಪೀಪಾಯಿ ನೋಡಿದರು, ಒಮ್ಮೆ ನನ್ನ ಕೈಯ ಬಕೆಟ್ ನೋಡಿದರು. “ಸಾರಿ, ಡಿಯರ್,” ಎಂದರು. “ಹೊಗೆ ನಿನ್ನ ಮನೆಯೊಳಗೆ ಬಂತೇನು?”

ನಾನು ದಂಗಾದೆ. ಅವರ ಬೆಂಕಿಗೆ ನೀರು ಸುರಿದವಳು ನಾನು, ಕ್ಷಮೆ ಕೇಳುತ್ತಿರುವವರು ಅವರು! ನಮ್ಮ ಓಣಿಯಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನನ್ನ ತವರಿನವರೆಲ್ಲರ ಹೆಸರೂ ಬೀದಿಗೆ ಬಂದಿರುತ್ತಿತ್ತು. ಸಂಜೆಗೆ ಯಾರೋ ನಡುವೆ ಬಂದು ಇಬ್ಬರಿಗೂ ಚಹಾ ಕುಡಿಸಿ ಮುಗಿಸುತ್ತಿದ್ದರು. ಇಲ್ಲಿ ಜಗಳವೂ ಇಲ್ಲ, ಚಹಾವೂ ಇಲ್ಲ ಎಂದುಕೊಳ್ಳುವಷ್ಟರಲ್ಲಿ ಅವರು ಬೇಲಿಯ ಸಡಿಲವಾದ ಹಲಗೆಯೊಂದನ್ನು ಸರಿಸಿ ದಾರಿ ಮಾಡಿದರು. “ಬಾ. ಇದನ್ನು ಮತ್ತೆ ಹೊತ್ತಿಸಬೇಕು. ನನ್ನೊಬ್ಬಳಿಂದ ಆಗುವುದಿಲ್ಲ.”

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಲಂಡನ್ನಿಗೆ ಬಂದು ಮೂರು ತಿಂಗಳಾಗಿತ್ತು, ಅಷ್ಟೇ. ನಮ್ಮವರು, ಪರಶುರಾಮ, ಅಕ್ಸ್‌ಬ್ರಿಡ್ಜಿನ ಒಂದು ಆಫೀಸಿನಲ್ಲಿ ಇಂಜಿನಿಯರ್. ಬೆಳಿಗ್ಗೆ ಟ್ಯೂಬ್ ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆಯೇ. ರೇನರ್ಸ್ ಲೇನಿನ ನಮ್ಮ ಬಾಡಿಗೆ ಮನೆಗೆ ಸೆಮಿ ಎನ್ನುತ್ತಾರೆ, ನಡುಗೋಡೆ ಒಂದೇ, ಮನೆ ಎರಡು. ಪಕ್ಕದವರ ಕೆಮ್ಮು ನನಗೆ ಗೊತ್ತಿತ್ತು, ರೇಡಿಯೋ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ನಮ್ಮಲ್ಲಿ ಹೊಸಬರು ಬಂದರೆ ಸಾಮಾನು ಇಳಿಸುವ ಮೊದಲೇ ಯಾರ ಪೈಕಿ, ಮಕ್ಕಳೆಷ್ಟು, ಇಲ್ಲದಿದ್ದರೆ ಯಾಕಿಲ್ಲ ಎಂಬ ವಿಚಾರಣೆ ಮುಗಿದಿರುತ್ತದೆ. ಆ ವಿಚಾರಣೆಗೆ ಊರಿನಲ್ಲಿ ಸಿಡುಕುತ್ತಿದ್ದವಳು ನಾನು. ಇಲ್ಲಿ ಅದಕ್ಕಾಗಿಯೇ ಹಾತೊರೆದೆ. ಅಂಗಡಿಯವರು ಥ್ಯಾಂಕ್ಯೂ ಎನ್ನುತ್ತಿದ್ದರು, ಬಸ್ಸಿನವರು ಸಾರಿ ಎನ್ನುತ್ತಿದ್ದರು. ಗಂಡ ಮನೆಗೆ ಬರುವವರೆಗೆ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಕೆಲವು ಮಧ್ಯಾಹ್ನ ನಾನೇ “ಏ ಸುವರ್ಣಾ” ಎಂದು ಕೂಗಿಕೊಂಡು, ನಾನೇ “ಏನವಾ” ಎಂದು ಓಗೊಟ್ಟದ್ದುಂಟು. ನಗಬೇಡಿ, ಒಂಟಿಯಾಗಿದ್ದು ನೋಡಿ.

ಹೀಗಾಗಿ ಆ ಹಲಗೆ ಸರಿದಾಗ ನಾನು ಚಪ್ಪಲಿ ಕೂಡ ನೋಡದೆ ಒಳಗೆ ನುಗ್ಗಿದೆ.

ಅವರ ಹೆಸರು ಜೋನ್. ಆಂಟಿ ಎನ್ನಬೇಡ, ಬರೀ ಜೋನ್ ಎನ್ನು ಎಂದರು. ಅವ್ವನ ವಯಸ್ಸಿನವರನ್ನು ಬರೀ ಹೆಸರಿನಿಂದ ಕರೆಯುವುದಕ್ಕೆ ನಾಲಿಗೆ ಹೊರಳಲು ನನಗೆ ಒಂದು ವರ್ಷ ಬೇಕಾಯಿತು. ಪೀಪಾಯಿಗೆ ಸ್ಮೋಕರ್ ಎನ್ನುತ್ತಾರೆ, ಹೊಗೆಯಲ್ಲೇ ಬೇಯಿಸುವ ಒಲೆ. ಬುಡದಲ್ಲಿ ಇದ್ದಿಲು, ಅದರ ಮೇಲೆ ಸೇಬಿನ ಮರದ ತುಂಡು, ನಡುವೆ ನೀರಿನ ಬೋಗುಣಿ, ಮೇಲಿನ ಜಾಲರಿಯಲ್ಲಿ ಮಾಂಸ. ನಾನು ಸುರಿದ ನೀರು ಬುಡಕ್ಕಷ್ಟೇ ಹೋಗಿ ಮಾಂಸ ಉಳಿದಿತ್ತು. ಒದ್ದೆ ಬೂದಿ ಬಳಿದು, ಹೊಸ ಇದ್ದಿಲು ಹಾಕಿ, ಹೊತ್ತಿಸಿದೆವು. ಇನ್ನೇನು ಎಂದೆ. “ಇನ್ನು ಕಾಯುವುದು. ಸಂಜೆಯವರೆಗೆ,” ಎಂದರು.

ಸಂಜೆಯವರೆಗೆ! ನಮ್ಮಲ್ಲಿ ಬೀಗರು ಬಾಗಿಲಿಗೆ ಬಂದ ಮೇಲೆ ಕುಕ್ಕರ್ ಏರಿಸಿದರೂ ಅವರು ಕಾಲು ತೊಳೆದು ಕೂಡುವಷ್ಟರಲ್ಲಿ ಮಟನ್ ಬೆಂದಿರುತ್ತದೆ. ಇದಕ್ಕೆ ಅವಸರವೇ ವೈರಿ ಎಂದರು ಜೋನ್. ಈ ಮಾಂಸದಲ್ಲಿ ಕೊಬ್ಬಿಲ್ಲ. ಬೆಂಕಿ ಚೂರು ಜೋರಾದರೆ ಚಪ್ಪಲಿಯ ಅಟ್ಟೆಯಾಗುತ್ತದೆ. ಅದಕ್ಕೆ ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಹಾಕಬೇಕು, ಮೇಲೆ ಕೊಬ್ಬು ಹೊದಿಸಬೇಕು, ಮುಚ್ಚಳ ತೆಗೆದು ತೆಗೆದು ನೋಡಬಾರದು. ಹೊದಿಸಿದ್ದು ಯಾವ ಕೊಬ್ಬು ಎಂದೆ. ಹಂದಿಯದು ಎಂದರು. ಅದನ್ನು ಹೇಗೋ ನುಂಗಿಕೊಂಡೆ. ಹೊದ್ದು ಮಲಗಿರುವುದು ಯಾವುದು ಎಂದೆ.

“ಬೈಸನ್,” ಎಂದು ಅಡುಗೆಮನೆಯ ಗೋಡೆಯ ಮೇಲಿನ ಫೋಟೋ ತೋರಿಸಿದರು. ಹಿಮದಲ್ಲಿ ನಿಂತ ಒಂದು ಗುಡ್ಡದಂಥ ಪ್ರಾಣಿ. ಹೆಗಲ ಡುಬ್ಬ ನೋಡಿದರೆ ಸಾಕ್ಷಾತ್ ಬಸವಣ್ಣ. ಗಡ್ಡ ನೋಡಿದರೆ ಹೋತ. ಕೊಂಬು ಎರಡಕ್ಕೂ ಸೇರಿದ್ದಲ್ಲ. ಬೇಲಿ ದಾಟಿ ಬಂದು ಗಂಡನಿಗೆ ಫೋನ್ ಮಾಡಿದೆ.

“ರೀ, ಬೈಸನ್ ಅಂದ್ರ ಏನ್ರೀ?”

“ಕಾಡಕೋಣ. ಯಾಕ?”

“ಬಾಜೂ ಮನಿಯವ್ರು ಅದನ್ನ ಪೀಪಾಯಿದಾಗ ಇಟ್ಟ ಹೊಗಿ ಹಾಕ್ಯಾರ.”

ಖಾನಾಪುರದ ಕಾಡಿನ ಅಂಚಿನಲ್ಲಿ ಬೆಳೆದವರು ಅವರು. ಕಾಡುಕೋಣದ ಹಿಂಡು ರಸ್ತೆ ದಾಟುವುದನ್ನು ಬಸ್ಸಿನಲ್ಲಿ ಉಸಿರು ಬಿಗಿಹಿಡಿದು ನೋಡಿದವರು. “ಹುಚ್ಚ ಹಿಡದೈತೇನ ನಿನಗ? ಕಾಡಕೋಣಾ ಹೊಡದ್ರ ಫಾರೆಸ್ಟಿನವ್ರು ಒಳಗ ಹಾಕ್ತಾರ!”

“ಹೊಡದಿಲ್ರೀ, ಖಟಗರ ಅಂಗಡ್ಯಾಗ ಹೇಳಿ ತರಿಸ್ಯಾರ. ಇದು ಆ ಕಡೆ ಅಮೆರಿಕಾ, ಕೆನಡಾದ್ದಂತ. ಇದು ದನದ ಜಾತಿಯೋ ಎಮ್ಮಿ ಜಾತಿಯೋ ಹೇಳ್ರಿ ಮೊದಲ.”

“ಡುಬ್ಬಾ ಐತೇನ?”

“ಐತ್ರಿ. ಹಿಂಗ ಎದ್ದೈತಿ.”

“ಹಂಗಾರ ದನದ ಪೈಕೀನ ಅದು,” ಎಂದು ತೀರ್ಪು ಕೊಟ್ಟರು. ನಾನು ಬೆಂಕಿ ಆರಿಸಿದ್ದನ್ನೂ ಹೇಳಿ, ಜೋನ್ ಊಟಕ್ಕೆ ಕರೆದಿದ್ದಾರೆ ಎಂದೆ. “ಹೋಗು. ಬೆಂಕಿ ಆರಿಸಿ ಬಂದಾಕಿ, ಹೋಗದಿದ್ರ ಚಂದ ಕಾಣೂದಿಲ್ಲ. ಆದ್ರ ಬಾಯಾಗ ಹಾಕ್ಕೋಬ್ಯಾಡ. ನಿಮ್ಮವ್ವಗ ಮಾತ ಕೊಟ್ಟೀ.”

ಕೊಟ್ಟಿದ್ದೆ. ಕುರಿ, ಕೋಳಿ, ಮೀನು ಯಾವುದನ್ನೂ ಬಿಟ್ಟ ಮನೆತನ ನಮ್ಮದಲ್ಲ. ಆದರೆ ದನದ್ದು ಹೊಸಿಲು ದಾಟಿದ್ದಿಲ್ಲ. ಹೊರಡುವ ಮುಂಜಾನೆ ಅವ್ವ ತನ್ನ ಅಂಗೈ ಚಾಚಿ ಹೇಳಿದ್ದಳು: “ಆ ದೇಶದಾಗ ಎಲ್ಲಾ ಒಂದ ಕಡೆ ಇರತೈತಂತ. ನೀ ಏನರ ಉಡು, ಏನರ ತೊಡು. ದನಾ ಮಾತ್ರ ಮುಟ್ಟಬ್ಯಾಡ. ಕೈಮ್ಯಾಗ ಕೈ ಇಟ್ಟ ಹೇಳು.” ಇಟ್ಟು ಹೇಳಿದ್ದೆ. ಈಗ ಒಂದು ಕಡೆ ಆ ಮಾತು, ಇನ್ನೊಂದು ಕಡೆ ಈ ಊರಿನಲ್ಲಿ ನನ್ನನ್ನು ಒಳಗೆ ಕರೆದ ಒಬ್ಬರೇ ಒಬ್ಬರು. ಉಣ್ಣಲು ಕರೆದವರ ಮುಂದೆ ಬಾಯಿ ಮುಚ್ಚಿ ಕೂತರೆ ಆ ಬೇಲಿಯ ಹಲಗೆ ಮತ್ತೆ ಸರಿದೀತೇ? ದಿನವೆಲ್ಲ ಅದೇ ಚಿಂತೆ.

ಸಂಜೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹಿತ್ತಲಿನಿಂದಲೇ ಹೋದೆ. ಜೋನ್ ಮಾಂಸವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು, ಕೂಸನ್ನು ಸುತ್ತಿದಂತೆ. ಬಿಚ್ಚಿದಾಗ ಹೊರಗೆ ಕಪ್ಪು, ಕೊಯ್ದರೆ ಒಳಗೆ ಗುಲಾಬಿ. ಹಸಿ ಉಳಿದಿದೆ ಎಂದು ನಾನು ಬೆಚ್ಚಿದೆ. ಹೊಗೆಯ ಬಣ್ಣ ಅದು ಎಂದು ನಕ್ಕರು. ಆ ದಿನ ಅವರ ನಾಡಿನ ಸುಗ್ಗಿಯ ಹಬ್ಬವಂತೆ. ಥ್ಯಾಂಕ್ಸ್‌ಗಿವಿಂಗ್, ಅಕ್ಟೋಬರಿನ ಒಂದು ಸೋಮವಾರ. ಮೇಜಿನ ಮೇಲೆ ಮೂರು ತಟ್ಟೆ ಇಟ್ಟರು. ಮೂರನೆಯದಕ್ಕೆ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಒಳ್ಳೆಯ ತುಂಡು ಬಡಿಸಿದರು.

“ಇನ್ಯಾರು ಬರುವವರಿದ್ದಾರೆ?”

“ಟೆಡ್. ನನ್ನ ಗಂಡ. ಹೋಗಿ ಎರಡು ವರ್ಷವಾಯಿತು. ನನ್ನದೊಂದು ಹುಚ್ಚು, ನಗಬೇಡ.”

ನಾನು ಯಾಕೆ ನಗಲಿ? ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರ್ಯಾರ ಹಬ್ಬ. ಮನೆಯ ಸತ್ತ ಹಿರಿಯರಿಗೆ ಅವರವರು ಇಷ್ಟಪಡುತ್ತಿದ್ದ ಅಡುಗೆಯನ್ನೇ ಮಾಡಿ ಎಲೆ ಬಡಿಸುತ್ತೇವೆ. ಎಡೆ ಹಿಡಿಯುವುದು ಎಂದರೆ ಇದೇ. ಬಡಿಸಿದ ಮೇಲೆ ಮನೆಮಂದಿ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ನಿಲ್ಲಬೇಕು. ನಾವು ನೋಡುತ್ತ ನಿಂತರೆ ಅವರು ಉಣ್ಣುವುದಿಲ್ಲ. ಮತ್ತೆ ಒಳಗೆ ಹೋಗುವಾಗಲೂ ಕೆಮ್ಮಿ, ಸುಳಿವು ಕೊಟ್ಟೇ ಹೋಗಬೇಕು. ಈ ತಾಯಿ ಎಡೆ ಬಡಿಸಿ ಎದುರಿಗೇ ಚಮಚ ಹಿಡಿದು ಕೂತುಬಿಟ್ಟಿದ್ದಾರೆ! ನನ್ನ ಹರಕು ಇಂಗ್ಲಿಷಿನಲ್ಲಿ “ಕಮ್, ಕಮ್, ಹಿ ಈಟ್ ನೌ” ಎನ್ನುತ್ತ ಜೋನ್ ಅವರ ಕೈ ಹಿಡಿದು ಎಬ್ಬಿಸಿ, ಮುಂಬಾಗಿಲಿನಿಂದ ಹೊರಗೆ ಕರೆತಂದು, ಬಾಗಿಲು ಎಳೆದುಕೊಂಡೆ.

ಟಕ್ ಎಂದಿತು.

ನಮ್ಮೂರ ಬಾಗಿಲು ಚಿಲಕ ಹಾಕಿದರೆ ಹಾಕಿತು, ಇಲ್ಲವಾದರೆ ಇಲ್ಲ. ಇಲ್ಲಿನ ಮುಂಬಾಗಿಲು ಎಳೆದರೆ ಸಾಕು, ತಾನೇ ಬೀಗ ಹಾಕಿಕೊಳ್ಳುತ್ತದೆ. ಅದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಿರಲಿಲ್ಲ. ಅವರ ಕೀಲಿಕೈ ಒಳಗೆ. ಹಿತ್ತಲಿನಿಂದ ಬಂದವಳಾದ್ದರಿಂದ ನನ್ನ ಕೀಲಿಕೈಯೂ ನಮ್ಮ ಮನೆಯೊಳಗೆ. ಎರಡೂ ಮನೆಯ ಪಕ್ಕದ ಗೇಟಿಗೆ ಒಳಗಿನಿಂದ ಅಗುಳಿ. ಏಪ್ರನ್ ಕಟ್ಟಿದ ಒಬ್ಬ ಮುದುಕಿ, ಸ್ವೆಟರಿಲ್ಲದ ನಾನು, ಅಕ್ಟೋಬರಿನ ಚಳಿ. ಒಂದೇ ದಿನದಲ್ಲಿ ಆ ಹೆಂಗಸಿನ ಬೆಂಕಿ ಆರಿಸಿ, ಅವರನ್ನು ಅವರ ಮನೆಯಿಂದಲೇ ಹೊರಗೆ ಹಾಕಿದ್ದೆ. ನನಗೆ ಅಳುವೇ ಬಂತು. ಅಳುತ್ತಲೇ ಎಡೆಯ ವಿಷಯ ವಿವರಿಸಿದೆ.

ಜೋನ್ ನನ್ನನ್ನೇ ನೋಡುತ್ತಿದ್ದರು. “ಅಂದರೆ ಈಗ ಟೆಡ್ ಒಳಗೆ ಊಟ ಮಾಡುತ್ತಿದ್ದಾರೆ?”

“ಹೌದು.”

“ಹಾಗಿದ್ದರೆ ನಿಧಾನವಾಗಿ ಮಾಡಲಿ,” ಎಂದು ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ನನಗೂ ಜಾಗ ಮಾಡಿದರು.

ಅಲ್ಲಿ ಕೂತು ಅವರು ಹೇಳಿದ್ದು ಕೇಳಿ ನಾನು ಚಳಿ ಮರೆತೆ. ಅವರು ಇಲ್ಲಿಯವರೇ ಅಲ್ಲ. ಕೆನಡಾದ ಮ್ಯಾನಿಟೋಬಾ ಎಂಬ ಬಯಲುನಾಡಿನಿಂದ ಹಡಗಿನಲ್ಲಿ ಬಂದ ಮದುಮಗಳು. ಬಿಳಿಯರೆಲ್ಲ ಒಂದೇ ಮನೆಯವರೆಂದು ತಿಳಿದಿದ್ದೆ ನಾನು. “ನಾನು ಬಾಯಿ ತೆರೆಯುವವರೆಗೆ ಇವರೂ ಹಾಗೇ ತಿಳಿಯುತ್ತಾರೆ. ತೆರೆದ ಕೂಡಲೇ ಯಾವ ಊರು ಎನ್ನುತ್ತಾರೆ. ಇವತ್ತಿಗೂ ಕೇಳುತ್ತಾರೆ,” ಎಂದರು. ಬಂದ ಮೊದಲ ಅಕ್ಟೋಬರಿನಲ್ಲಿ ಅವರು ಊರು ನೆನೆದು ಅತ್ತರಂತೆ. ಮಾರನೆಯ ವರ್ಷ ಟೆಡ್ ಎಲ್ಲಿಂದಲೋ ಎಣ್ಣೆಯ ಪೀಪಾಯಿ ತಂದು, ಕೊರೆದು, ಸುಟ್ಟು ತಿಕ್ಕಿ, ಈ ಸ್ಮೋಕರ್ ಮಾಡಿಕೊಟ್ಟರಂತೆ.

ನಮ್ಮವರು ಆಫೀಸಿನಿಂದ ಬಂದಾಗ ಕತ್ತಲಾಗಿತ್ತು. ಹೆಂಡತಿ ಪಕ್ಕದ ಮನೆಯ ಮೆಟ್ಟಿಲ ಮೇಲೆ ಒಬ್ಬ ಬಿಳಿಯ ಮುದುಕಿಯ ತೋಳಿಗೆ ತೋಳು ಸೇರಿಸಿ ನಡುಗುತ್ತ ಕೂತಿದ್ದನ್ನು ನೋಡಿ ಅವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ನಮ್ಮ ಮನೆಯೊಳಗಿಂದ ಹೋಗಿ, ಬೇಲಿ ನುಸುಳಿ, ಜೋನ್ ಅವರ ಅಡುಗೆಮನೆ ದಾಟಿ ಬಂದು ಬಾಗಿಲು ತೆರೆದರು. ದಾಟುವಾಗ ಕೆಮ್ಮಿದರೋ ಇಲ್ಲವೋ ಎಂದು ನಾನು ಗದರಿದೆ. ಉಣ್ಣುತ್ತಿರುವ ಹಿರಿಯರ ನಡುವೆ ಹಾಗೆ ನುಗ್ಗುವುದೇ?

ಆಮೇಲೆ ಬಂದದ್ದೇ ಕಷ್ಟದ ಗಳಿಗೆ. ಎಡೆಯ ಅನ್ನವನ್ನು ಏನು ಮಾಡುತ್ತೀರಿ ಎಂದು ಜೋನ್ ಕೇಳಿದರು. ಮನೆಯವರೇ ಉಣ್ಣಬೇಕು, ಚೆಲ್ಲಿದರೆ ಹಿರಿಯರಿಗೆ ಅವಮಾನ ಎಂದೆ. ಅವರು ಟೆಡ್ ತಟ್ಟೆಯಿಂದ ಒಂದು ತುಂಡು ಕತ್ತರಿಸಿ ನನ್ನ ತಟ್ಟೆಗಿಟ್ಟರು. ನನ್ನ ಮಾತಿನ ಬಲೆಗೆ ನಾನೇ ಬಿದ್ದಿದ್ದೆ. ಗಂಡ ನೆಲ ನೋಡುತ್ತ ನಿಂತರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ, ಅವ್ವನ ಅಂಗೈಯ ಸಮೇತ.

ಜೋನ್ ಮುಖ ಸಣ್ಣದಾಯಿತು. ಮತ್ತೆ ಆ ತುಂಡನ್ನು ತಮ್ಮ ತಟ್ಟೆಗೆ ಎತ್ತಿಕೊಂಡರು. “ಎರಡು ವರ್ಷದಲ್ಲಿ ವಾಪಸ್ ಬರುತ್ತೇನೆ ಅಂತ ನಾನೂ ನನ್ನ ಅಮ್ಮನಿಗೆ ಮಾತು ಕೊಟ್ಟಿದ್ದೆ,” ಎಂದರು. “ಹೋಗಲಿಲ್ಲ. ಅವಳು ಹೋದಾಗಲೂ ಹೋಗಲಿಲ್ಲ. ನಿನ್ನ ಮಾತು ನೀನು ಉಳಿಸಿಕೋ.” ಅಷ್ಟು ಹೇಳಿ ನನ್ನ ರೊಟ್ಟಿ ಮುರಿದು, ಚಟ್ನಿ ಹಚ್ಚಿಕೊಂಡು, ಆ ಮಾಂಸವನ್ನು ಅದರಲ್ಲಿ ಸುತ್ತಿ ತಿಂದರು.

ಬೇಲಿಯ ಹಲಗೆಯನ್ನು ಆಮೇಲೆ ಯಾರೂ ಸರಿಪಡಿಸಲಿಲ್ಲ. ಪ್ರತಿ ಅಕ್ಟೋಬರ್ ಸ್ಮೋಕರ್ ಕಾಯುವುದು ನನ್ನ ಪಾಲಿನ ಕೆಲಸವಾಯಿತು. ಹೊಗೆ ತೆಳ್ಳಗೆ ನೀಲಿಯಾಗಿರಬೇಕು, ಬೆಳ್ಳಗೆ ದಟ್ಟವಾದರೆ ಕಹಿ ಹತ್ತುತ್ತದೆ ಎಂದು ಕಲಿತೆ. ಅವ್ವ ಕಳಿಸಿದ ಮಸಾಲೆ ಖಾರವನ್ನು ಒಂದು ವರ್ಷ ಹೆದರುತ್ತಲೇ ಮಾಂಸಕ್ಕೆ ತಿಕ್ಕಿದೆ. ಜೋನ್ ಕಣ್ಣಲ್ಲಿ ನೀರು ಸುರಿಸುತ್ತ ಇನ್ನೊಂದು ತುಂಡು ಕೇಳಿದರು. ರುಚಿ ಮಾತ್ರ ಅವರೇ ನೋಡಬೇಕು. ನಾನು ಮಾಡುವವಳು, ಅವರು ಉಪ್ಪು ಹೇಳುವವರು. ಸ್ಮೋಕರ್ ಕಾದ ಸೋಮವಾರದ ಕೋಟನ್ನೇ ಹಾಕಿಕೊಂಡು ಒಮ್ಮೆ ವೆಂಬ್ಲಿಯಲ್ಲಿ ಕನ್ನಡದವರ ಕೂಟಕ್ಕೆ ಹೋದಾಗ ಬೆಂಗಳೂರಿನ ಹೆಂಗಸೊಬ್ಬರು ಹತ್ತಿರ ಬಂದು ಮೂಸಿ, “ಏನ್ ಸುವರ್ಣಾ, ಮನೇಲಿ ಹೋಮ ಇತ್ತಾ? ನಮ್ಮನ್ನ ಕರೀಲೇ ಇಲ್ವಲ್ಲಾ!” ಎಂದರು. ಸಣ್ಣದಾಗಿ ಮಾಡಿದ್ವಿ ಎಂದೆ. ನಮ್ಮವರು ನಗು ತಡೆಯಲಾಗದೆ ಹೊರಗೆ ಹೋದರು.

ಮಗಳು ಹುಟ್ಟಿದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು. ಅವಳಿಗೆ ನಾಲ್ಕು ತುಂಬುವ ಹೊತ್ತಿಗೆ ಬೈಲಹೊಂಗಲದಿಂದ ಅಣ್ಣನ ಫೋನು ಬಂತು. ಅವ್ವ ಹೋದಳು, ಮಲಗಿದ್ದವಳು ಏಳಲಿಲ್ಲ. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ವರ್ಷ ಅಣ್ಣನ ಮನೆಯಲ್ಲಿ ಅವ್ವನಿಗೆ ಎಡೆ ಹಿಡಿದರು. ನಾನೂ ರೇನರ್ಸ್ ಲೇನಿನಲ್ಲಿ ಹಿಡಿದೆ. ಜೋನ್ ಬಂದು, ಯಾರೂ ಹೇಳುವ ಮೊದಲೇ, ಕೀಲಿಕೈ ಇದೆಯೇ ಎಂದು ಕೇಳಿ ಹೊರಗೆ ನಡೆದರು. ಆ ಅಕ್ಟೋಬರಿನಲ್ಲಿ ನಮ್ಮವರು ಮೆಲ್ಲಗೆ ಅಂದರು: “ಇನ್ನ ಕೇಳಾವ್ರು ಯಾರದಾರ? ಜೋನ್ ಸಲುವಾಗಿ ಒಂದ ಚೂರ ತಿಂದ್ರ ಏನಾಗತೈತಿ?” ನನಗೆ ಸಿಟ್ಟು ಬಂತು. ಅವ್ವ ಇದ್ದಾಗಲಾದರೆ ಫೋನ್ ಮಾಡಿ, ಅತ್ತು ಕರೆದು, ಆ ಮಾತಿನಿಂದ ಬಿಡಿಸಿಕೊಳ್ಳಬಹುದಿತ್ತು. ಈಗ ಯಾರನ್ನು ಕೇಳಲಿ? ಬಿಡಿಸುವ ಕೈಯೇ ಹೋಗಿಬಿಟ್ಟಿತ್ತು.

ಇನ್ನೂ ಮೂರು ಅಕ್ಟೋಬರ್ ಜೋನ್ ಜೊತೆ ಸಿಕ್ಕವು. ನಾಲ್ಕನೆಯದಕ್ಕೆ ಅವರಿರಲಿಲ್ಲ. ಬೇಸಿಗೆಯಲ್ಲಿ ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಟೆಡ್ ಕಡೆಯ ಸಂಬಂಧಿಯೊಬ್ಬರು ಬಂದು ಮನೆ ಮಾರಿದರು. ಸಾಮಾನು ಹೊರಗೆ ಹಾಕುವ ದಿನ ನಾವಿಬ್ಬರೂ ಹೋಗಿ ಸ್ಮೋಕರ್ ಕೇಳಿ ಪಡೆದು ಉರುಳಿಸಿಕೊಂಡು ಬಂದೆವು. ಆ ತುಕ್ಕು ಡಬ್ಬಿ ಯಾಕೆ ಎಂದು ಆ ಮನುಷ್ಯನಿಗೆ ಆಶ್ಚರ್ಯ.

ಆ ಅಮಾವಾಸ್ಯೆಗೆ ಈಲಿಂಗ್ ರೋಡಿನಿಂದ ಬಾಳೆಯೆಲೆ ತಂದು ಎರಡು ಎಡೆ ಹಾಕಿದೆ. ಒಂದು ಅವ್ವನಿಗೆ: ಮಟನ್, ರೊಟ್ಟಿ, ಹೋಳಿಗೆ. ಇನ್ನೊಂದು ಜೋನ್‌ಗೆ. ದನದ ಪೈಕಿಯದನ್ನು ಅವ್ವನ ಪಕ್ಕದಲ್ಲಿ ಹೇಗಿಡಲಿ ಎಂದು ಬಹಳ ಹೊತ್ತು ನಿಂತೆ. ಕೊನೆಗೆ ಅವ್ವನ ಎಲೆ ಹಜಾರದಲ್ಲಿ, ಜೋನ್ ಎಲೆ ಅಡುಗೆಮನೆಯಲ್ಲಿ ಇಟ್ಟೆ. ಬೆಳಗಿನಿಂದ ಒಬ್ಬಳೇ ಬೆಂಕಿ ಕಾದಿದ್ದೆ. ಬೇಲಿಯಾಚೆ ಹೊಸಬರು ಕಿಟಕಿ ಮುಚ್ಚಿಕೊಂಡರು. ಉಪ್ಪು ಹೆಚ್ಚೋ ಕಡಿಮೆಯೋ ಹೇಳುವವರಿರಲಿಲ್ಲ.

ಹೊರಗೆ ನಿಂತು, ಕೆಮ್ಮಿ, ಒಳಗೆ ಬಂದೆವು. ಅವ್ವನ ಎಡೆ ಹಂಚಿಕೊಂಡು ಉಂಡೆವು. ಜೋನ್ ಎಲೆ ಹಾಗೇ ಇತ್ತು. ಅದನ್ನು ಮನೆಯವರು ಯಾರಾದರೂ ಉಣ್ಣಲೇಬೇಕು. ಮಗಳ ಕಡೆ ನೋಡಿದೆ. ಇಲ್ಲೇ ಹುಟ್ಟಿದವಳು, ಯಾರಿಗೂ ಮಾತು ಕೊಟ್ಟವಳಲ್ಲ. “ಸಾರಿ, ಅಮ್ಮಾ, ಐ ಆಮ್ ವೆಜಿಟೇರಿಯನ್ ನೌ,” ಎಂದಳು. ಶಾಲೆಯ ಗೆಳತಿಯರೆಲ್ಲ ಸೇರಿ ಆ ವಾರವೇ ತೀರ್ಮಾನಿಸಿದ್ದಾರಂತೆ! ಮಟನ್ ಬಿಟ್ಟು ಬರೀ ಹೋಳಿಗೆ ತಿಂದದ್ದು ಯಾಕೆಂದು ಆಗ ತಿಳಿಯಿತು. ನಾನು ತಲೆಯ ಮೇಲೆ ಕೈಹೊತ್ತು ಅಡುಗೆಮನೆಯ ನೆಲದ ಮೇಲೆ ಕೂತೆ. ಚೆಲ್ಲುವಂತಿಲ್ಲ, ತಿನ್ನುವಂತಿಲ್ಲ.

ನಮ್ಮವರು ಕೈ ತೊಳೆದು ಬಂದು ಆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಡುಬ್ಬ ಕೇಳಿ ತೀರ್ಪು ಕೊಟ್ಟ ಅದೇ ಮನುಷ್ಯ. “ಏನ್ ಮಾಡಾಕತ್ತೀರಿ?” ಎಂದು ಚೀರಿದೆ.

“ನಿಮ್ಮವ್ವ ನಿನ್ನ ಕೈ ಹಿಡದ ಕೇಳ್ಯಾಳ. ನನ್ನ ಕೇಳಿಲ್ಲ,” ಎಂದು ಒಂದು ತುಂಡು ಮುರಿದು ಬಾಯಿಗಿಟ್ಟರು. ಬಹಳ ಹೊತ್ತು ಅಗಿದರು. ನಾನು ಅವರ ಮುಖದಿಂದ ಕಣ್ಣು ಕೀಳಲಿಲ್ಲ.

“ಉಪ್ಪು ಸರಿ ಐತಿ,” ಎಂದರು.

ನನಗೆ ದುಃಖ ಉಕ್ಕಿ ಬಂತು. ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅವರು ಎಲೆ ಖಾಲಿಯಾಗುವವರೆಗೆ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಅಣ್ಣನ ಫೋನ್ ಬಂತು. ಹಬ್ಬ ಹೆಂಗಾತು, ಎಷ್ಟು ವರ್ಷ ಅಲ್ಲೇ ಇರುತ್ತೀರಿ, ಮಗಳು ದೊಡ್ಡವಳಾಗುವ ಮೊದಲು ಬಂದುಬಿಡ್ರಿ ಎಂದು ವರ್ಷ ವರ್ಷ ಹೇಳುವ ಮಾತನ್ನೇ ಹೇಳಿದ. ಬರಬೇಕೆಂದು ನನಗೂ ಇದೆ. ಇಲ್ಲವೆಂದರೆ ಸುಳ್ಳಾಗುತ್ತದೆ.

“ಅವ್ವಗ ಎಡಿ ಹಿಡ್ಯಾಕ ಅಲ್ಲೆ ನೀ ಅದೀಯಣ್ಣಾ,” ಎಂದೆ. “ಇಲ್ಲೆ ಜೋನ್‌ಗ ನನ್ನ ಬಿಟ್ರ ಯಾರೂ ಇಲ್ಲ. ನಾ ಬಂದ್ರ ಅವ್ರು ಯಾರ ಮನಿಗೆ ಹೋಗಬೇಕು?”

“ಯಾರವಾ ಅಕಿ? ಅಕಿ ನಿನಗ ಏನಾಗಬೇಕು?”

“ನಮ್ಮ ಹಿರ್ಯಾರು,” ಎಂದೆ.